ಹೆಣವಿದ್ದ ಮನೆ

ಡಾರ್ಕಸ್ ಮುದುಕಿ ಸತ್ತದ್ದು ಬುಧವಾರ. ನಮ್ಮ ಓಣಿಯ ಹಳೇ ಮನೆಗಳನ್ನು ಸರ್ಕಾರದವರು ಕೆಡವಲು ಗೊತ್ತು ಮಾಡಿದ್ದ ದಿನ ಮುಂದಿನ ಸೋಮವಾರ. ಸಾಯೋದಕ್ಕೂ ಹೊತ್ತುಗೊತ್ತು ಬೇಡವಾ ಅಂತ ನೀವು ಕೇಳಬಹುದು. ಲಂಡನ್ನಿನ ನಮ್ಮ ಕೇರಿಯಲ್ಲಿ ಹೊತ್ತುಗೊತ್ತು ನೋಡಿ ಸಾಯುವ ಪುಣ್ಯ ಯಾರಿಗಿತ್ತು ಹೇಳಿ!

ಮಗಳು ಕೆಜಾಯ ತಾಯಿಯ ಕಣ್ಣು ಮುಚ್ಚಿ, ದವಡೆಗೆ ಬಟ್ಟೆ ಕಟ್ಟಿ, ಮನೆಯಲ್ಲಿದ್ದ ಒಂದೇ ಮಂಚದ ಮೇಲೆ ಮಲಗಿಸಿದಳು. ಗಂಡ ಸತ್ತ ಮೇಲೆ ಬೆಂಕಿಪೊಟ್ಟಣ ಅಂಟಿಸಿ ಇಬ್ಬರು ಹೆಣ್ಣುಮಕ್ಕಳನ್ನು ಸಾಕುತ್ತಿದ್ದವಳು ಅವಳು. ಇದ್ದದ್ದು ಒಂದೇ ಕೋಣೆ. ಈ ಕಡೆ ಹೆಣ, ಆ ಕಡೆ ಅಂಟಿನ ಪಾತ್ರೆ. ಕಣ್ಣೊರೆಸಿಕೊಂಡು ಪೊಟ್ಟಣ ಅಂಟಿಸುವುದಕ್ಕೆ ಕೂತಳು, ಇನ್ನೇನು ಮಾಡ್ತಾಳೆ?

ಡಾರ್ಕಸ್‌ಗೆ ಇದ್ದದ್ದು ಒಂದೇ ಆಸೆ, ಮರ್ಯಾದೆಯಿಂದ ಮಣ್ಣಾಗಬೇಕು. ಅದಕ್ಕೆಂದೇ ಇಪ್ಪತ್ತು ವರ್ಷ ಶವಸಂಸ್ಕಾರದ ಸಂಘಕ್ಕೆ ವಾರ ತಪ್ಪದೆ ಕಾಸು ಕಟ್ಟಿದ್ದಳು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತ ಆಡಿಕೊಂಡವರಿಗೆ, "ನನ್ನನ್ನ ಧರ್ಮದ ಗುಂಡಿಗೆ ಹಾಕಿದ್ರೆ ದೆವ್ವವಾಗಿ ಬಂದು ನಿಮ್ಮ ಕುತ್ತಿಗೆ ಹಿಸುಕ್ತೀನಿ" ಅನ್ನುತ್ತಿದ್ದಳು. ಧರ್ಮದ ಗುಂಡಿ ಅಂದರೆ ದಿಕ್ಕಿಲ್ಲದವರ ಹೆಣಗಳನ್ನು ಒಂದರ ಮೇಲೊಂದು ಹಾಕಿ ಮುಚ್ಚುವ ಜಾಗ. ಹೆಸರಿಲ್ಲ, ಕಲ್ಲಿಲ್ಲ. ಭಾನುವಾರಕ್ಕೆ ಸಂಘದಿಂದ ಕರಿ ಗರಿ ಕಟ್ಟಿದ ಎರಡು ಕುದುರೆಯ ಗಾಡಿ ಬರುವುದೆಂದು ಆಯಿತು.

ಶುಕ್ರವಾರ ಕೆಳಗಿನ ಕೋಣೆಯ ಹನ್ನೋರಾ ಮೇಲೆ ಬಂದಳು. ಐರ್ಲೆಂಡಿನವಳು, ಆರು ಮಕ್ಕಳ ತಾಯಿ, ಬಾಯಿ ಜೋರು.

"ಕೆಜಾಯ, ಭಾನುವಾರ ಬೇಡ ಕಣೇ."

"ಏನು ಬೇಡ?"

"ನಿಮ್ಮಮ್ಮನ್ನ ಮಣ್ಣು ಮಾಡೋದು. ಹೆಣ ಇರೋ ಮನೆಗೆ ಯಾವ ಕೂಲಿಯವನೂ ಹಾರೆ ಹಾಕಲ್ಲ. ಹಿಂದಿನ ಓಣೀಲಿ ಕೂಸು ಸತ್ತಾಗ ಟೋಪಿ ತೆಗೆದು ನಿಂತಿದ್ರು, ನಾನೇ ನೋಡಿದೀನಿ."

"ನಮ್ಮಮ್ಮ ಏನು ಬಾಗಿಲಿಗೆ ಹಾಕೋ ಅಗುಳಿ ಅಂದ್ಕೊಂಡ್ಯಾ? ನಡಿ ಆಚೆ!"

"ಬೈಯಿ, ಬೇಕಾದ್ರೆ ಎರಡು ಹೊಡಿ. ಆದ್ರೆ ನಿನಗೆ ರೂಮು ಸಿಗೋದು ಬರೋ ವಾರದ ಶನಿವಾರ ತಾನೇ? ಸೋಮವಾರದಿಂದ ಎಲ್ಲಿ ಮಲಗ್ತೀಯ, ಸೇತುವೆ ಕೆಳಗಾ? ಲೆಟ್ಟಿ ಎದೆ ಹೆಂಗೆ ಗೊರಗೊರ ಅಂತಿದೆ ಕೇಳಿದ್ಯಾ?"

ಕೆಜಾಯ ಕೇಳದೆ ಇರುತ್ತಾಳಾ! ಸಣ್ಣ ಮಗಳು ಲೆಟ್ಟಿಗೆ ನಾಲ್ಕು ವರ್ಷ, ಹದಿನೈದು ದಿನದಿಂದ ಕೆಮ್ಮು. ಕೆಡವಿದ ಜಾಗದಲ್ಲಿ ಬಡವರಿಗೇ ಹೊಸ ಮನೆ ಕಟ್ಟುತ್ತಾರೆ ಅಂತ ಪೇಪರಿನಲ್ಲಿ ಬಂದಿತ್ತಂತೆ. ಯಾವ ಬಡವರು? ವಾರವಾರ ಸಂಬಳ ತರುವ ಗಂಡಸಿರುವ ಬಡವರು! ನಮ್ಮಂಥವರು ಬೇರೆ ಕಡೆ ರೂಮು ಕೇಳಿದರೆ, "ಆ ಓಣಿಯವರಾ?" ಅಂತ ಮುಖದ ಮೇಲೆ ಬಾಗಿಲು ಹಾಕುತ್ತಿದ್ದರು. ಹಾಕ್ಸ್ಟನ್ ಬಡಾವಣೆಯ ಮಿಸೆಸ್ ವಿಕರಿ ಮಾತ್ರ ಒಪ್ಪಿದ್ದಳು, ಅದೂ ಕೆಜಾಯ ಬೇರೆ ಬೀದಿಯ ಹೆಸರು ಹೇಳಿದ್ದಕ್ಕೆ. ಆ ಬಾಗಿಲು ತೆರೆಯುವುದು ಶನಿವಾರ.

ಅವಳು ತಾಯಿಯ ತಣ್ಣನೆಯ ಕೈ ಹಿಡಿದು, "ಅಮ್ಮಾ, ಒಂದು ವಾರ ತಡ್ಕೋ. ಮೊಮ್ಮಗಳಿಗೋಸ್ಕರ ಕಣಮ್ಮಾ" ಅಂದಳು. ಭಾನುವಾರ ಬಂದ ಗಾಡಿಯನ್ನು ಹಾಗೇ ವಾಪಸು ಕಳಿಸಿದಳು.

ಹನ್ನೋರಾ ಹೇಳಿದ್ದು ಸುಳ್ಳಾಗಲಿಲ್ಲ. ಸೋಮವಾರ ಕೂಲಿಯವರು ಬಂದಾಗ ಮೇಸ್ತ್ರಿ ಮೆಟ್ಟಿಲ ಕೆಳಗೇ ಟೋಪಿ ತೆಗೆದ.

"ಮಣ್ಣು ಯಾವತ್ತು ತಾಯೀ?"

"ಶನಿವಾರ."

"ಸರಿ ಬಿಡಿ. ಆ ತುದಿಯಿಂದ ಶುರು ಮಾಡ್ತೀವಿ."

ಹೆಂಗಸರೆಲ್ಲ ಕೆಜಾಯಳ ಕೈ ಹಿಡಿದು ಅತ್ತರು. ಹನ್ನೋರಾ ಸುಮ್ಮನಿರಬಾರದಾ? "ನಮ್ಮ ಅಜ್ಜಿ ಸತ್ತು ಐದು ದಿನ ಆಯ್ತು, ಓಣಿ ಕಾಯ್ತಾ ಇದಾಳೆ" ಅಂತ ಎಲ್ಲರೆದುರಿಗೆ ಜಂಬ ಕೊಚ್ಚಿದಳು. ಮೇಸ್ತ್ರಿಯ ಮುಖ ಸಣ್ಣಗಾಯಿತು. ಅವನಿಗೂ ಮಕ್ಕಳಿದ್ದವು, ರೋಗದ ಭಯಕ್ಕೆ ಆರೋಗ್ಯದ ಕಚೇರಿಗೆ ಸುದ್ದಿ ಮುಟ್ಟಿಸಿದ.

ಬುಧವಾರ ಬೆಳಿಗ್ಗೆ ಆರೋಗ್ಯದ ಇನ್ಸ್‌ಪೆಕ್ಟರ್ ಬಂದ, ಕೈಯಲ್ಲಿ ಮ್ಯಾಜಿಸ್ಟ್ರೇಟರ ಆರ್ಡರ್, ಹಿಂದೆ ಇಬ್ಬರು ಪೊಲೀಸರು. ಮೂಗಿಗೆ ಕರವಸ್ತ್ರ ಹಿಡಿದು ಮಂಚ ನೋಡಿದ, ಅದರ ಬುಡದಲ್ಲಿ ಮಲಗಿದ್ದ ಲೆಟ್ಟಿಯನ್ನು ನೋಡಿದ.

"ಏಳು ದಿನದ ಹೆಣದ ಜೊತೆ ಮಕ್ಕಳನ್ನ ಮಲಗಿಸ್ತೀಯಾ? ನೀನು ತಾಯಿಯೇನಮ್ಮಾ?"

ತಾಯಿಯಾಗಿದ್ದಕ್ಕೇ ಸ್ವಾಮೀ ಅಂತ ಕೂಗಬೇಕು ಅನ್ನಿಸಿತು ಅವಳಿಗೆ. ಲೆಟ್ಟಿಯನ್ನು ಎತ್ತಿ ಶಾಲಿನೊಳಗೆ ಹಾಕಿಕೊಂಡಳು. ಡಾರ್ಕಸಳನ್ನು ಹಲಗೆಗೆ ಕಟ್ಟಿ ಕೆಳಗಿಳಿಸಿದರು. ಈ ಮನೆ ರೋಗದ ಮನೆ, ಮಧ್ಯಾಹ್ನದೊಳಗೆ ಖಾಲಿಯಾಗಬೇಕು ಅಂತ ಹುಕುಂ ಆಯಿತು. ಹನ್ನೋರಾ ಎದೆ ಎದೆ ಬಡಿದುಕೊಂಡು ಅಳುತ್ತಾ ಪಾತ್ರೆ ಹೊರಗೆ ಸಾಗಿಸಿದಳು. ಕೆಜಾಯಳ ಕಡೆ ತಿರುಗಿ ನೋಡಲಿಲ್ಲ.

ಓಣಿಯ ಬಾಯಲ್ಲಿ ಡಾರ್ಕಸಳ ಹೆಣ ಹೊತ್ತ ಶವಾಗಾರದ ಗಾಡಿ ನಿಂತಿತ್ತು. ಇನ್ಸ್‌ಪೆಕ್ಟರ್ ಪುಸ್ತಕ ತೆಗೆದ. ಈಗ ಅವನ ದನಿ ಮೆತ್ತಗಿತ್ತು.

"ನೋಡಮ್ಮಾ, ಹೆಣ ಶವಾಗಾರದಲ್ಲಿರುತ್ತೆ. ವಾರಸುದಾರರು ಸಂಘದ ಗಾಡಿ ತಂದು ನಾಳೆ ಬಿಡಿಸ್ಕೋಬಹುದು, ಯಾರೂ ಇಲ್ಲದಿದ್ರೆ ಧರ್ಮದ ಗುಂಡಿಗೆ ಹೋಗುತ್ತೆ. ನೀನು ಎಲ್ಲಿರ್ತೀಯ ಅಂತ ವಿಳಾಸ ಬರೆಸು, ಸಾಕು. ನಮ್ಮವರು ಒಂದ್ಸಲ ಬಂದು ಆ ಮನೆಯವರನ್ನ ವಿಚಾರಿಸ್ತಾರೆ, ಮಕ್ಕಳಿಗೆ ರೋಗಗೀಗ ಅಂಟಿದೆಯಾ ಅಂತ ನೋಡ್ಬೇಕಲ್ಲ."

ಹಾಕ್ಸ್ಟನ್ ಅನ್ನುವ ಮಾತು ಕೆಜಾಯಳ ತುಟಿಯವರೆಗೆ ಬಂತು. ಮಿಸೆಸ್ ವಿಕರಿಯ ಬಾಗಿಲಲ್ಲಿ ಇವರ ಆಳು ನಿಂತು ಏಳು ದಿನದ ಹೆಣದ ಕಥೆ ಹೇಳಿದರೆ? ಆ ಓಣಿಯ ಹೆಸರು ಹೇಳಿದರೆ? ಸೆರಗಿನಂತೆ ಹೊದಿಸಿದ್ದ ಶಾಲಿನೊಳಗೆ ಲೆಟ್ಟಿ ಕೆಮ್ಮಿದಳು. ಬಿಸಿ ಹಣೆ ತಾಯಿಯ ಕುತ್ತಿಗೆಗೆ ಒತ್ತಿತು.

"ವಾರಸುದಾರಳು ನೀನೇ ತಾನೇ?" ಇನ್ಸ್‌ಪೆಕ್ಟರ್ ಕೇಳಿದ.

ಕೆಜಾಯ ಗಾಡಿಯ ಕಡೆ ನೋಡಲಿಲ್ಲ.

"ಅಲ್ಲ ಸ್ವಾಮೀ," ಅಂದಳು. "ಮುದುಕಿಗೆ ಯಾರೂ ಇಲ್ಲ ಅಂತ ಬರ್ಕೊಳ್ಳಿ."