ಅಕ್ಕಿ ಮೂಟೆಯ ಮೇಲೆ ಕಲಿತ ಚೆಂಡೆ

ದಿಶಾ ಚೆಂಡೆ ಕಲಿತದ್ದು ಅಕ್ಕಿ ಮೂಟೆಯ ಮೇಲೆ. ಹೀಗೆಂದರೆ ಅವಳ ಬ್ಯಾಂಡಿನವರು ನಗುತ್ತಾರೆ. ಆದರೆ ಆ ಮೂಟೆಯ ಪಕ್ಕದಲ್ಲಿ ಕೂತು ಬೇಳೆ ಆರಿಸುತ್ತಿದ್ದವಳು ನಾನು, ನಾನಲ್ಲದೆ ಇದನ್ನು ಇನ್ಯಾರು ಹೇಳಬೇಕು?

ನನ್ನ ಮೈದುನ ಪ್ರೇಮನಾಥ ಠಾಣೆ ಪಟ್ಟಣದ ಹತ್ತಿರ ರಬಾಳೆಯ ಒಂದು ಕಾರ್ಖಾನೆಯಲ್ಲಿ ಕ್ಯಾಂಟೀನ್ ನಡೆಸುತ್ತಿದ್ದ. ಗಂಡ ತೀರಿಕೊಂಡ ಮೇಲೆ ನಾನು ಠಾಕುರ್ಲಿಯ ಅವನ ಮನೆಗೇ ಬಂದು ಉಳಿದೆ. ಕ್ಯಾಂಟೀನಿನಲ್ಲಿ ಇಲಿಕಾಟ. ಹಾಗಾಗಿ ಊರಿನಿಂದ ಲಾರಿಯಲ್ಲಿ ಬರುವ ಕುಚ್ಚಲಕ್ಕಿಯ ಮೂಟೆಗಳು ನಮ್ಮ ಮೂರನೇ ಮಾಳಿಗೆಯ ಪ್ಯಾಸೇಜಿನಲ್ಲಿ ಇರುತ್ತಿದ್ದವು. ಅವುಗಳನ್ನು ದಾಟಿಯೇ ಬಚ್ಚಲಿಗೆ ಹೋಗಬೇಕು.

ಪ್ರೇಮನಾಥನ ಮಗಳು ದಿಶಾ. ಹನ್ನೊಂದು ವರ್ಷದವಳಿದ್ದಾಗ ಡೊಂಬಿವಲಿಯಲ್ಲಿ ನಮ್ಮವರ ಮಂಡಳಿಯ ಯಕ್ಷಗಾನ ನೋಡಿ ಬಂದಳು. ಕಥೆ ಯಾವುದು ಎಂದರೆ ಗೊತ್ತಿಲ್ಲ, ವೇಷ ಯಾವುದು ಎಂದರೆ ನೆನಪಿಲ್ಲ. ಮೂರು ಗಂಟೆಯೂ ಚೆಂಡೆಯವರ ಕೈಯನ್ನೇ ನೋಡುತ್ತಿದ್ದಳಂತೆ. ಚೆಂಡೆ ಬಾರಿಸಿದವರು ಕಲ್ಯಾಣದ ವಸಂತಕುಮಾರರು. ಭಾನುವಾರ ಮಂಡಳಿಯ ಹಾಲಿನಲ್ಲಿ ಮಕ್ಕಳಿಗೆ ಕಲಿಸುತ್ತಿದ್ದರು. ನಾನೇ ಕರೆದುಕೊಂಡು ಹೋದೆ.

"ಹುಡುಗಿಯರಿಗೆ ಭುಜ ನೋಯ್ತದೆ ಮಗಾ," ಎಂದರು ಅವರು.

"ನೋಯೋದು ಮೇರಾ ಕಂಧಾ ಸರ್, ನಿಮ್ಮದಲ್ಲವಲ್ಲ," ಎಂದಳು ಇವಳು.

ವಸಂತಕುಮಾರರು ನನ್ನ ಮುಖ ನೋಡಿದರು, ಜೋರಾಗಿ ನಕ್ಕರು, ಎರಡು ಕೋಲು ಕೊಟ್ಟರು.

ಒಂದು ತಿಂಗಳ ಮೇಲೆ ಹಳೆಯ ಚೆಂಡೆಯೊಂದು ಮನೆಗೆ ಬಂತು. ಬಂದ ದಿನ ಅವಳು ನಾಲ್ಕು ಪೆಟ್ಟು ಹಾಕಿರಬಹುದು, ನನ್ನ ಚಹಾ ಆರುವ ಮೊದಲೇ ಸೊಸೈಟಿಯ ಸೆಕ್ರೆಟರಿ ಬಾಗಿಲಲ್ಲಿ. ಮರುದಿನ ಲಿಫ್ಟಿನ ಪಕ್ಕ ನೋಟಿಸು. ಅವರದ್ದೂ ತಪ್ಪಲ್ಲ, ಬಯಲಿನ ಆಟಕ್ಕೆ ಹುಟ್ಟಿದ ವಾದ್ಯ ಅದು. ಚೆಂಡೆ ಮಂಚದ ಕೆಳಗೆ ಸೇರಿತು. ದಿಶಾ ಒಂದು ದಿನ ಊಟ ಬಿಟ್ಟಳು, ಎರಡನೇ ದಿನ ಕೋಲು ಹಿಡಿದು ಪ್ಯಾಸೇಜಿಗೆ ಬಂದು ಮೂಟೆಯ ಮುಂದೆ ನಿಂತಳು.

ಚೆಂಡೆಯ ತೊಗಲು ಕೋಲನ್ನು ಮೇಲಕ್ಕೆ ಎಸೆಯುತ್ತದೆ, ಮೂಟೆ ನುಂಗಿಬಿಡುತ್ತದೆ. ಪ್ರತಿ ಪೆಟ್ಟಿಗೂ ಕೋಲನ್ನು ತಾನೇ ಎತ್ತಬೇಕು. ಮೊದಲ ವರ್ಷ ಅವಳ ಮಣಿಕಟ್ಟಿಗೆ ದಿನಾ ಬಿಸಿ ಎಣ್ಣೆ ತಿಕ್ಕಿದ್ದೇನೆ.

"ಮೆಲ್ಲ ಮಗಾ! ಅಕ್ಕಿ ನುಚ್ಚಾದರೆ ನಿನ್ನ ಅಪ್ಪ ಬೈಯುವುದು ನನಗೆ."

"ನುಚ್ಚಿನ ಗಂಜಿ ನಾನೇ ಕುಡೀತೇನೆ ದೊಡ್ಡಮ್ಮ."

ಅದೊಂದು ಆಟವೇ ಆಯಿತು. ಮೂಟೆ ಬಿಚ್ಚಿದ ದಿನ ಒಂದು ಹಿಡಿ ಅಕ್ಕಿಯನ್ನು ಮೊರದಲ್ಲಿ ಹರಡಿ ನುಚ್ಚು ಹುಡುಕುವುದು. ಲಾರಿಯವರು ಎತ್ತಿ ಎಸೆದು ಒಡೆದ ಕಾಳನ್ನೂ ನಾನು ಅವಳ ತಲೆಗೇ ಕಟ್ಟುತ್ತಿದ್ದೆ. ಅವಳೂ ಬಿಡುವವಳಲ್ಲ. ಮರುದಿನದಿಂದ ಇನ್ನೂ ಹಗುರ, ಅಷ್ಟೇ ವೇಗ. ಕೊನೆಕೊನೆಗೆ ನನ್ನ ಕಣ್ಣು ಬೇಳೆಯ ಮೇಲಿದ್ದರೆ ಅವಳು ಬಾರಿಸುತ್ತಿದ್ದಾಳೋ ನಿಲ್ಲಿಸಿದ್ದಾಳೋ ತಿಳಿಯುತ್ತಿರಲಿಲ್ಲ.

ಕಾಲೇಜಿನಲ್ಲಿ ಡ್ರಮ್ಸ್ ಕಲಿತಳು. ಠಾಣೆಯಲ್ಲಿ ನಾಟಕಗಳಿಗೆ ಬಾರಿಸಿದಳು, ಮದುವೆಗಳಿಗೂ ಬಾರಿಸಿದಳು. ಆಮೇಲೆ ವಾಶಿಯ ಮನೀಷ್ ಎಂಬ ಪಿಯಾನೋದವನ ಬ್ಯಾಂಡು ಸೇರಿದಳು. ಜ್ಯಾಝಿಗೆ ನಮ್ಮ ತಾಳಗಳನ್ನು ಬೆರೆಸುವ ಬ್ಯಾಂಡು.

"ಜ್ಯಾಝ್ ಅಂದರೆ ಎಂಥದು ಮಾರಾಯ್ತಿ?" ಎಂದು ಕೇಳಿದೆ.

"ನಿಮ್ಮ ಸಾರಿನ ಹಾಗೆ ದೊಡ್ಡಮ್ಮ. ದಿನಾ ಅದೇ ಸಾರು, ದಿನಾ ಬೇರೆ ರುಚಿ."

ಪುಣೆ, ಗೋವಾ, ಒಮ್ಮೆ ಜರ್ಮನಿ. ಎಲ್ಲ ಕಡೆ ಅವಳಿಗೆ ಚಪ್ಪಾಳೆ ಬಿತ್ತು, ಪೇಪರಿನಲ್ಲಿ ಫೋಟೋ ಬಂತು. ಆದರೆ ಬಾರಿಸಿದ್ದು ಡ್ರಮ್ಸ್. ಚೆಂಡೆ ಪ್ರತಿ ಸಲವೂ ಜೊತೆಗೆ ಹೋಗಿ, ಗಾಡಿಯಿಂದ ಇಳಿಯದೆಯೇ ಮರಳುತ್ತಿತ್ತು. ಹಾಲಿನೊಳಗೆ ಅದರ ಸದ್ದು ಉಳಿದವರನ್ನೆಲ್ಲ ಮುಳುಗಿಸುತ್ತದೆ ಎನ್ನುತ್ತಿದ್ದ ಮನೀಷ್.

ಕಳೆದ ಫೆಬ್ರವರಿಯಲ್ಲಿ ವಾಶಿಯಲ್ಲಿ ಅವರ ಕಾರ್ಯಕ್ರಮ. ಅವರ ಮೊದಲ ಆಲ್ಬಮ್ಮಿಗೆ ಅಲ್ಲೇ ರೆಕಾರ್ಡಿಂಗ್. ಚೆಂಡೆಗೂ ಸ್ಯಾಕ್ಸೋಫೋನಿಗೂ ಎಂದು ದಿಶಾ ಒಂದು ರಚನೆ ಮಾಡಿದ್ದಳು, ಎರಡು ವರ್ಷದ ಕೆಲಸ. ಮಧ್ಯಾಹ್ನದ ತಯಾರಿಗೆ ನನ್ನನ್ನೂ ಕರೆದೊಯ್ದಿದ್ದಳು. ಡಬ್ಬಿಯಲ್ಲಿ ನೀರ್‌ದೋಸೆ ಹಿಡಿದು ಮುಂದಿನ ಸಾಲಿನಲ್ಲಿ ಕೂತಿದ್ದೆ.

ಮನೀಷ್ ಒಂದು ಕಪ್ಪು ಹಲಗೆ ತಂದಿಟ್ಟ. ಮುಟ್ಟಿದರೆ ಚೆಂಡೆಯ ಸದ್ದು ಬರುವ ಯಂತ್ರ.

"ದಿಶಾ, ಇದರಲ್ಲಿ ಬಾರಿಸು. ವಾಲ್ಯೂಮ್ ನಮ್ಮ ಕೈಯಲ್ಲಿರುತ್ತೆ."

"ಇದು ಚೆಂಡೆಯ ಫೋಟೋ, ಮನೀಷ್. ಏಕ್ ಬಾರ್ ಅಸಲಿ ಸುನ್ ಲೇ."

"ಒಂದೇ ಸಲ. ಅಮಿತಾಳ ಸ್ಯಾಕ್ಸೋಫೋನ್ ಕೇಳದಿದ್ದರೆ ಚೆಂಡೆ ಗಾಡಿಗೆ. ಸಂಜೆ ರೆಕಾರ್ಡ್ ಆಗೋದು ಇದೇ ಹಲಗೆ, ಆಮೇಲೆ ಝಗ್ಡಾ ಬೇಡ."

ಅಮಿತಾ ಊದತೊಡಗಿದಳು. ದಿಶಾ ಬಾರಿಸಿದಳು. ಅಯ್ಯೋ, ಹದಿನೆಂಟು ವರ್ಷದ ಸಿಟ್ಟೆಲ್ಲ ಆ ಕೋಲಿನಲ್ಲಿತ್ತು! ಕುರ್ಚಿಗಳು ನಡುಗಿದವು. ಅಮಿತಾಳ ಕೆನ್ನೆ ಉಬ್ಬಿದ್ದು ಕಂಡಿತು, ಸ್ವರ ಕೇಳಲಿಲ್ಲ. ಮನೀಷ್ ಕೈ ಎತ್ತಿದ. ದಿಶಾ ಚೆಂಡೆಯ ಹಗ್ಗ ಬಿಚ್ಚತೊಡಗಿದಳು.

ನನಗೆ ಅವರ ಸಂಗೀತದ ವಿಚಾರ ತಿಳಿಯದು. ಬಾಯಿಗೆ ಬಂದದ್ದು ಹಳೆಯ ಮಾತು.

"ಮೆಲ್ಲ ಮಗಾ! ಮೂಟೆಯ ಅಕ್ಕಿಯೆಲ್ಲ ನುಚ್ಚಾಯಿತು."

ದಿಶಾ ತಿರುಗಿ ನೋಡಿದಳು. ನಕ್ಕಳು, ಕಣ್ಣೊರೆಸಿಕೊಂಡಳು. ಹಗ್ಗ ಮತ್ತೆ ಕಟ್ಟಿದಳು.

"ಅಮಿತಾ, ಇನ್ನೊಮ್ಮೆ ಊದು."

"ಒಂದೇ ಸಲ ಅಂದಿದ್ದೆ," ಎಂದ ಮನೀಷ್.

"ಆಗ ಬಾರಿಸಿದ್ದು ನನ್ನ ಸಿಟ್ಟು. ಈಗ ಬಾರಿಸೋಳು ನಾನು."

ಮನೀಷ್ ಗಡಿಯಾರ ನೋಡಿ ಕೂತ.

ಅಮಿತಾ ಒಂದು ಉದ್ದ ಸ್ವರ ಹಿಡಿದಳು. ಅದರ ಕೆಳಗೆ ಎಲ್ಲಿಂದಲೋ ಸಣ್ಣಗೆ ಮಳೆ ಶುರುವಾದ ಹಾಗಾಯಿತು. ದಿಶಾಳ ಎರಡೂ ಕೋಲು ಕಣ್ಣಿಗೆ ಕಾಣದಷ್ಟು ಬೇಗ ಓಡುತ್ತಿದ್ದವು, ಸದ್ದು ಮಾತ್ರ ಮೊರದಲ್ಲಿ ಅಕ್ಕಿ ಕೇರಿದಷ್ಟು. ಸ್ಯಾಕ್ಸೋಫೋನ್ ಏರಿದರೆ ಚೆಂಡೆಯೂ ಏರಿತು, ಅದು ಇಳಿದರೆ ಇದೂ ಇಳಿಯಿತು. ಅಮಿತಾ ಊದುತ್ತಲೇ ಮೈಕು ಬಿಟ್ಟು, ಹೆಜ್ಜೆ ಹೆಜ್ಜೆಯಾಗಿ ಚೆಂಡೆಯ ಪಕ್ಕಕ್ಕೆ ಬಂದಳು.

ಮುಗಿದ ಮೇಲೆ ಮನೀಷ್ ಎದ್ದು ಬಂದು ಚೆಂಡೆಯ ತೊಗಲು ಮುಟ್ಟಿ ನೋಡಿದ, ಒಳಗೆ ಬಟ್ಟೆ ತುರುಕಿದ್ದಾಳೋ ಎಂಬಂತೆ.

"ಇದನ್ನು ಯಾರು ಕಲಿಸಿದ್ದು?"

"ಹೊಡೆಯೋದು ವಸಂತಕುಮಾರ ಸರ್. ಹೊಡೆಯದೆ ಇರೋದು ದೊಡ್ಡಮ್ಮ," ಎಂದು ನನ್ನತ್ತ ಕೈ ತೋರಿಸಿದಳು. ನನಗೆ ನಾಚಿಕೆಯಾಗಿ, "ನೀರ್‌ದೋಸೆ ಉಂಟು, ತಿನ್ನಿ ಎಲ್ಲರೂ," ಎಂದು ಡಬ್ಬಿಯ ಮುಚ್ಚಳ ತೆಗೆದೆ. ಮನೀಷ್ ಒಂದು ಕೈಯಲ್ಲಿ ದೋಸೆ ಹಿಡಿದು, ಇನ್ನೊಂದು ಕೈಯಲ್ಲಿ ಕಪ್ಪು ಹಲಗೆಯ ತಂತಿ ಕಿತ್ತು ಸುತ್ತಿಟ್ಟ.

ಸಂಜೆ ಕುರ್ಚಿಗಳೆಲ್ಲ ತುಂಬಿದ್ದವು. ಪ್ರೇಮನಾಥ ಕ್ಯಾಂಟೀನಿನಿಂದ ಸೀದಾ ಬಂದವನು ನನ್ನ ಪಕ್ಕ ಕೂತ. ಚೆಂಡೆ ವೇದಿಕೆಯ ನಡುವಿನಲ್ಲಿತ್ತು.

"ಅತ್ತಿಗೆ, ಬಾರಿಸಲು ಶುರು ಮಾಡಿದಳಾ ಇಲ್ಲವಾ?" ಎಂದು ಪಿಸುಗುಟ್ಟಿದ.

"ಸುಮ್ಮನೆ ಕೇಳು," ಎಂದೆ.

ಆ ಪೆಟ್ಟುಗಳಿಗೆ ಮೂಟೆಯ ಒಂದು ಕಾಳೂ ಒಡೆಯುತ್ತಿರಲಿಲ್ಲ.