ಹಂಡೆಯೊಳಗಿನ ಸೀರೆ

ಸುವರ್ಣಮ್ಮನ ಕೊರಳಿಗೆ ಹಾರ ಹಾಕಿ ಹಿಂದಕ್ಕೆ ಸರಿಯುವಾಗಲೂ ಜಾನಕಮ್ಮನ ಕಣ್ಣು ಇದ್ದದ್ದು ಹಿತ್ತಲ ಬಾಗಿಲ ಮೇಲೆ. ಛೆ, ಎಂಥ ಬುದ್ಧಿ ನನ್ನದು ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನೋಡಿದವರು ಅಳು ಅಂದುಕೊಂಡರು. ಅಳುವೂ ಇತ್ತು, ಸುಳ್ಳಲ್ಲ. ಮದುವೆಯಾಗಿ ಜಾವಗಲ್ಲಿಗೆ ಬಂದಾಗಿನಿಂದ ಪಕ್ಕದ ಮನೆಯವಳು. ಆದರೆ ಅಳುವಿಗಿಂತ ಮುಂಚೆ ಭಯ ಬಂದು ಕೂತಿತ್ತು.

ನಡುಮನೆಯ ಗೋಡೆಗೆ ಒರಗಿಸಿ, ಹಣೆಗೆ ವಿಭೂತಿ ಹಚ್ಚಿ ಮುದುಕಿಯ ಹೆಣವನ್ನು ಕೂರಿಸಿದ್ದರು. ಮಡಿಲಲ್ಲಿಟ್ಟ ಕೈಗಳ ಉಗುರು ಕೆಂಪಗಿದ್ದವು. ಊರವರ ಸೀರೆಗೆ ಬಣ್ಣ ಹಾಕುವವಳಿಗೆ ಅದರಲ್ಲಿ ಹೊಸತೇನಿಲ್ಲ, ಊಟಕ್ಕೆ ಕೂತಾಗ ಆ ಉಗುರು ನೋಡಿಯೇ ಇವತ್ತು ಹಂಡೆಗೆ ಯಾವ ಬಣ್ಣ ಬಿತ್ತೆಂದು ಹೇಳಬಹುದಿತ್ತು. ಆದರೆ ಜಾನಕಮ್ಮ ತನ್ನ ರೇಷ್ಮೆ ಸೀರೆಗೆ ಹಾಕಲು ಹೇಳಿದ್ದೂ ಅದೇ ದಾಳಿಂಬೆ ಕೆಂಪನ್ನೇ.

ಬಂದವರೆಲ್ಲ ಹೆಂಗಾಯ್ತು ಎಂದು ಕೇಳುತ್ತಿದ್ದರು. ಸೊಸೆ ಶರ್ಮಿಳಾ ಹೇಳಿದ್ದನ್ನೇ ಹೇಳುತ್ತಿದ್ದಳು. ಬೆಳಗಿನ ಜಾವವೇ ಎದ್ದು ಹಿತ್ತಲಲ್ಲಿ ಬಣ್ಣದ ಹಂಡೆ ಹೂಡಿದ್ದರಂತೆ, ಯಾರದೋ ಸೀರೆ ಅರ್ಜೆಂಟಿತ್ತಂತೆ; ಇವಳು ಎದ್ದು ನೋಡುವಷ್ಟರಲ್ಲಿ ಒಲೆ ಆರಿತ್ತು, ಅತ್ತೆ ಕೂತಲ್ಲೇ ಹೋಗಿದ್ದರು. 'ಯಾರದೋ' ಎಂದಾಗಲೆಲ್ಲ ಜಾನಕಮ್ಮ ಮುಖ ತಿರುಗಿಸುತ್ತಿದ್ದಳು. ಒಂದು ಕಡೆ ಕೂರಲಾರಳು, ನಿಲ್ಲಲಾರಳು. ನೀರು ಕುಡಿಯುವ ನೆಪದಲ್ಲಿ ಹಿತ್ತಲತ್ತ ಹೋಗುವುದು, ಹಂಡೆಯ ಮುಚ್ಚಳ ಮುಟ್ಟಲು ಧೈರ್ಯ ಸಾಲದೆ ವಾಪಸ್ಸು ಬರುವುದು.

ಅಷ್ಟರಲ್ಲಿ ಯಜಮಾನಿಕೆ ಕೈಗೆ ತೆಗೆದುಕೊಂಡಿದ್ದವಳು ಕಾಂತಮ್ಮ, ಸುವರ್ಣಮ್ಮನ ಗಂಡನ ತಂಗಿ. ಹಳೇಬೀಡಿನಿಂದ ಮೊದಲ ಬಸ್ಸಿಗೇ ಬಂದಿಳಿದಿದ್ದಳು. ಸುದ್ದಿ ಮುಟ್ಟುವಷ್ಟರಲ್ಲೇ ಬಂದುಬಿಟ್ಟಳಲ್ಲ, ಅತ್ತಿಗೆ ಮೇಲೆ ಎಷ್ಟು ಪ್ರೀತಿ ಎಂದು ಜನ ಆಡಿಕೊಂಡರು. ಹೆಣ ಎತ್ತುವವರೆಗೆ ಮನೆಯಲ್ಲಿ ಒಲೆ ಹೊತ್ತಿಸಬಾರದೆಂದು ಕಟ್ಟಪ್ಪಣೆ ಮಾಡಿದ್ದಳು. ಕೊಬ್ಬರಿ ವ್ಯಾಪಾರದ ಮನೆಯ ಹೆಂಗಸು ಊರವರ ಸೀರೆ ಅದ್ದಿಕೊಂಡು ಕೂರುವುದೇನು ಎಂದು ಜೀವಮಾನವೆಲ್ಲ ಮೂಗು ಮುರಿದವಳು, ಇವತ್ತು ಆ ಸಿಟ್ಟನ್ನು ಸೊಸೆಯ ಮೇಲೆ ತೀರಿಸುತ್ತಿದ್ದಳು.

"ವಯಸ್ಸಾದೋರ್ನ ಚಳೀಲಿ ಹಂಡೆ ಮುಂದೆ ಕೂರಿಸಿ ನೀನು ಮಲಗಿದ್ಯೇನೇ?"

ಶರ್ಮಿಳಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

*

ಮೊನ್ನೆ ಜಾನಕಮ್ಮ ಹಿತ್ತಲಿಗೆ ನುಗ್ಗಿದ್ದೇ ಜಗಳಕ್ಕೆ. ಮಗಳು ನಯನಾಳ ನಿಶ್ಚಿತಾರ್ಥಕ್ಕೆ ತನ್ನ ಧಾರೆ ಸೀರೆಯನ್ನೇ ಉಡುವ ಆಸೆ, ಅದೋ ಮಾಸಿ ಬೂದಿ ಬಣ್ಣಕ್ಕೆ ತಿರುಗಿತ್ತು. ಕೊಟ್ಟು ಎಷ್ಟೋ ದಿನವಾಗಿದ್ದರೂ ಮುದುಕಿ ಬಿಕ್ಕೋಡಿನವರ ಯಾವುದೋ ಉಣ್ಣೆ ಶಾಲು ಅದ್ದುತ್ತ ಆರಾಮಾಗಿ ಕೂತಿದ್ದಳು. ಪಕ್ಕದ ಮೊಳೆಯಲ್ಲಿ ಈವರೆಗೆ ಹಾಕಿದ ಬಣ್ಣಗಳ ರೇಷ್ಮೆ ಎಳೆಗಳು ಗೊಂಚಲಾಗಿ ನೇತಾಡುತ್ತಿದ್ದವು. ಸುವರ್ಣಮ್ಮ ಹೊಸದಾಗಿ ಮದುವೆಯಾದಾಗ ಬಿಸಿಲಿಗೆ ಮಾಸಿದ ತನ್ನದೊಂದು ಸೀರೆಯನ್ನು ಬಿಸಾಕಲಾರದೆ, ಅರಸೀಕೆರೆಯಿಂದ ಬಣ್ಣದ ಪುಡಿ ತರಿಸಿ ಶುರುಮಾಡಿದ ಕೆಲಸ. ಗಂಡ ಹೋದಮೇಲಂತೂ ಆ ಹಿತ್ತಲು ಬಿಟ್ಟರೆ ಅವಳಿಗೆ ಬೇರೆ ಲೋಕವಿರಲಿಲ್ಲ.

"ಶುಕ್ರವಾರ ನನ್ನ ಸೀರೆ ನನ್ನ ಕೈಲಿರಬೇಕು, ಸುವರ್ಣಕ್ಕ. ಕೈಲಾಗದೋರು ಒಪ್ಕೋಬಾರದು," ಎಂದಿದ್ದಳು ಜಾನಕಮ್ಮ.

ಸುವರ್ಣಮ್ಮ ಮುಖವೆತ್ತದೆ, ಬಣ್ಣ ಹಿಡಿಯಲೆಂದು ಹಂಡೆಗೆ ಒಂದು ಲೋಟ ವಿನೆಗರ್ ಹಾಕಿದ್ದಳು. ಇವತ್ತು ಶುಕ್ರವಾರ.

*

ಹೆಣದ ಸ್ನಾನಕ್ಕೆ ಬಿಸಿನೀರು ಬೇಕಾಯಿತು. ಅಂಗಳದಲ್ಲಿ ಮೂರು ಕಲ್ಲು ಹೂಡಿ, ಬಣ್ಣದ ಹಂಡೆಯನ್ನೇ ಬರಿದುಮಾಡಿ ತರುವುದೆಂದು ಮಗ ಶಶಿಧರ್ ಹೊರಟ. ಆ ಹಂಡೆ ಬೇಡ, ಬೇರೆ ನೋಡೋ ಎಂದು ಕಾಂತಮ್ಮ ಅಡ್ಡ ಬಂದಳು. ಬೇರೆ ದೊಡ್ಡದು ಎಲ್ಲಿದೆ ಎಂದು ಅವನು ಕೇಳಿದ್ದಕ್ಕೆ ಮತ್ತೆ ಸೊಸೆಯ ಮೇಲೆ ಹಾರಿದಳು: ಅತ್ತೆಯನ್ನು ನುಂಗಿಕೊಂಡವಳು ಇವಳೇ ಎಂದು.

ಜಾನಕಮ್ಮನಿಗೆ ಇನ್ನು ತಡೆಯಲಾಗಲಿಲ್ಲ.

"ಆ ಹುಡುಗೀನ ಅನ್ನಬೇಡಿ ಕಣ್ರೀ. ಹಂಡೇಲಿರೋದು ನನ್ನ ಸೀರೆ. ಇವತ್ತೇ ಬೇಕು ಅಂತ ಅವರ ಪ್ರಾಣ ತಿಂದವಳು ನಾನು."

ಹಿತ್ತಲಲ್ಲಿದ್ದವರೆಲ್ಲ ಹಂಡೆಯತ್ತ ತಿರುಗಿದರು. ಶರ್ಮಿಳಾ ಮಾತ್ರ ಅಳು ನಿಲ್ಲಿಸಿ ಅವಳನ್ನೇ ನೋಡಿದಳು. "ನಿಮ್ದಾ? ನಿಮ್ ಸೀರೆ ಚೀಲದಲ್ಲೇ ಐತಲ್ಲಕ್ಕ, ಗೂಟದ ಮೇಲೆ. ಜಾನಕಿ ಕೂಗಾಡ್ಲಿ ಬಿಡು, ನಿಶ್ಚಿತಾರ್ಥ ಇರೋದು ಮುಂದಿನ ವಾರ, ಅಂತಿದ್ರು ಅತ್ತೆ."

ಜಾನಕಮ್ಮನಿಗೆ ತಲೆಯ ಮೇಲಿನ ಹೊರೆ ದೊಪ್ಪನೆ ಇಳಿದಂತಾಯಿತು. ಮರುಕ್ಷಣ ಸಣ್ಣ ಕೋಪವೂ ಬಂತು. ಅಷ್ಟು ಬೈದರೂ ಕಿವಿಗೇ ಹಾಕಿಕೊಂಡಿರಲಿಲ್ಲವಲ್ಲ ಈ ಮುದುಕಿ!

ಶಶಿಧರ್ ಕೋಲಿನಿಂದ ಸೀರೆ ಮೇಲೆತ್ತಿದ. ಅರ್ಧಕ್ಕೆ ಕೆಂಪು ಹತ್ತಿತ್ತು, ಉಳಿದರ್ಧ ಮಾಸಲು ಹಳದಿ. ಅಂಚಿನುದ್ದಕ್ಕೂ ಜರಿಯ ಮಾವಿನಕಾಯಿ.

"ಕಾಂತತ್ತೆದಲ್ವಾ ಇದು?" ಎಂದಳು ಶರ್ಮಿಳಾ ಮೆಲ್ಲಗೆ. "ನಮ್ಮ ಮದುವೇಲಿ ಉಟ್ಟಿದ್ರಲ್ಲ."

ಕಾಂತಮ್ಮ ಬಾವಿಕಟ್ಟೆಯ ಮೇಲೆ ಕುಸಿದಳು.

"ರಾತ್ರಿ ಫೋನ್ ಮಾಡಿದ್ದೆ. ಮೊದಲ ಬಸ್ಸಿಗೆ ಬತ್ತೀನಿ ಅತ್ತಿಗೆ, ಯಾರೂ ನೋಡೋಕೆ ಮುಂಚೆ ಕೊಟ್ಬಿಡಿ ಅಂತ."

ಯಾರೂ ಏನೂ ಅನ್ನಲಿಲ್ಲ. ಅಂದಿದ್ದರೇ ವಾಸಿಯಿತ್ತು ಎನಿಸಿತು ಜಾನಕಮ್ಮನಿಗೆ. ಬೆಳಗಿನಿಂದ ತಾನು ಹೊತ್ತದ್ದು ಎಷ್ಟು ಭಾರವೆಂದು ಅವಳಿಗೆ ಗೊತ್ತಿತ್ತು. ಶಶಿಧರ್ ಸೀರೆಯನ್ನು ಹಂಡೆಗೇ ಬಿಟ್ಟು ಹೊರಟ. ಜಾನಕಮ್ಮ ತನ್ನ ಮನೆಯಲ್ಲಿ ನೀರು ಕಾಯಿಸಿ ಕಳಿಸಿದಳು.

ಸ್ನಾನ ಮುಗಿಯಿತು, ಅಯ್ಯನವರು ಬಂದರು, ಪೂಜೆಯಾಯಿತು. ಹಿತ್ತಲ ಕಡೆ ಹೊಗೆ ಕಂಡು ಜಾನಕಮ್ಮ ಹೋಗಿ ನೋಡಿದರೆ, ಒಲೆ ಹೊತ್ತಿಸಬಾರದೆಂದವಳೇ ಹಂಡೆಯ ಕೆಳಗೆ ಬೆಂಕಿ ಮಾಡಿ, ಹಬೆಯೊಳಗೆ ಮುಖವಿಟ್ಟುಕೊಂಡು ಸೀರೆ ತಿರುಗಿಸುತ್ತಿದ್ದಾಳೆ. ಕಣ್ಣೀರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಶರ್ಮಿಳಾ ಬಾಗಿಲಿಗೆ ಬಂದು ಕರೆದಳು. "ಕಾಂತತ್ತೆ, ಎತ್ತುತಾ ಅವ್ರೆ. ಬನ್ನಿ."

ಜಾನಕಮ್ಮ ಕೋಲಿಗೆ ಕೈ ಹಾಕಿ, ನೀವು ಹೋಗಿ, ನಾನು ನೋಡ್ಕೋತೀನಿ ಎಂದಳು. ಕಾಂತಮ್ಮ ಬಿಡಲಿಲ್ಲ.

"ಈಗ ನಿಲ್ಲಿಸಿದ್ರೆ ಮಚ್ಚೆ ಬೀಳ್ತೈತೆ. ಅತ್ತಿಗೆ ಬೈತಾರೆ."

ಬೀದಿಯಲ್ಲಿ ಜಾಗಟೆ ಬಡಿದರು. ಜನ ಏಳುವ ಸದ್ದು, ಚಪ್ಪಲಿ ಹುಡುಕುವ ಸದ್ದು, ಆಮೇಲೆ ಶಂಖದ ದನಿ ತೋಟದ ದಾರಿ ಹಿಡಿದು ದೂರ ದೂರ ಹೋಯಿತು. ಕಾಂತಮ್ಮ ಆ ಕಡೆ ಕತ್ತು ತಿರುಗಿಸಿದಳು. ಕೈಯಲ್ಲಿನ ಕೋಲು ಹಂಡೆಯೊಳಗೆ ಸುತ್ತುತ್ತಲೇ ಇತ್ತು.