ಮೊದಲ ತಟ್ಟೆ

“ಅಕ್ಕಾ, ಡಬ್ಬಗಳನ್ನ ಸ್ವಲ್ಪ ಮುಂದಕ್ಕೆ ಜೋಡಿಸು. ಫೋಟೋದಲ್ಲಿ ಅಂಗಡಿ ಹೆಸರು ಕಾಣ್ಬೇಕು.”

ಹೇಳಿದವನು ಅವಳ ಒಡಹುಟ್ಟಿದ ತಮ್ಮ. ದೊಡ್ಡ ದಿನಸಿ ವ್ಯಾಪಾರಿ, ಚರ್ಚಿನ ಸಭೆಯ ಹಿರಿಯ, ಪ್ರಾರ್ಥನೆಗೆ ನಿಂತರೆ ‘ಆಮೆನ್’ ಬರುವಷ್ಟರಲ್ಲಿ ಮಕ್ಕಳು ಒಂದು ನಿದ್ದೆ ಮುಗಿಸಿ ಏಳುವಂಥ ಭಕ್ತ. ಅಕ್ಕ ಚರ್ಚಿನ ಹಿಂದಿನ ಊಟದ ಮನೆಯಲ್ಲಿ ಅಡುಗೆಯವಳು. ಭಾನುವಾರದ ಆರಾಧನೆ ಮುಗಿದ ಮೇಲೆ ಹಸಿದು ಬಂದವರಿಗೆಲ್ಲ ಅಲ್ಲಿ ಊಟ. ಈ ವಾರ ಉಗ್ರಾಣದಲ್ಲಿ ಉಳಿದದ್ದು ನಾಲ್ಕು ಈರುಳ್ಳಿ ಮತ್ತು ಉಪ್ಪು. ತಮ್ಮ ಕೊಡುತ್ತೇನೆಂದಿದ್ದ ಡಬ್ಬದ ಬಟಾಣಿಯನ್ನೇ ನಂಬಿಕೊಂಡು ಅವಳು ಹಂಡೆಯಲ್ಲಿ ನೀರು ಕಾಯಿಸಿದ್ದಳು. ಬೆಂಚುಗಳು ಆಗಲೇ ತುಂಬಿದ್ದವು.

ಡಬ್ಬ ಕೈಗೆತ್ತಿಕೊಂಡವಳ ಹುಬ್ಬು ಗಂಟಿಕ್ಕಿತು. ಮುಚ್ಚಳ ಉಬ್ಬಿ ಮೇಲೆದ್ದಿತ್ತು. ತಳದಲ್ಲಿ ತಾರೀಖಿರಬೇಕಾದ ಜಾಗದಲ್ಲಿ ಸ್ಪಿರಿಟ್ ಹಾಕಿ ತಿಕ್ಕಿದ ನೀಲಿ ಕಲೆ. ಇನ್ನೊಂದು ನೋಡಿದಳು, ಅದೂ ಹಾಗೇ. ಬೆಲೆ ಏರಲಿ, ಇನ್ನೂ ಏರಲಿ ಎಂದು ಗೋದಾಮಿನಲ್ಲಿ ಕೂಡಿಟ್ಟ ಮಾಲು. ಜನ ಕೇಳಿಕೊಂಡು ಬಂದಾಗ ‘ಸ್ಟಾಕ್ ಇಲ್ಲ’. ಕೆಟ್ಟುಹೋದ ಮೇಲೆ ಕರ್ತನ ಸೇವೆಗೆ!

“ಇದೇನೋ ಇದು?”

“ಚೆನ್ನಾಗಿ ಕುದಿಸಿದ್ರೆ ಎಲ್ಲ ಸರಿಹೋಗುತ್ತಕ್ಕಾ. ಹಸಿದೋರಿಗೆ ತಾರೀಖು ಕಟ್ಕೊಂಡು ಏನಾಗ್ಬೇಕು?”

“ಸರಿ. ಬಾ, ಕೂತ್ಕೋ. ಮೊದಲ ತಟ್ಟೆ ನಿಂದು.”

ಆ ಊಟದ ಮನೆಯ ಪದ್ಧತಿ ಅದು. ಹಿಂದೊಮ್ಮೆ ಯಾರೋ ಕಮಟು ಎಣ್ಣೆ ಕೊಟ್ಟು ಚಪ್ಪಾಳೆ ಗಿಟ್ಟಿಸಿಕೊಂಡು ಹೋಗಿದ್ದ. ಆಗಿದ್ದ ಮುದಿ ಪಾದ್ರಿ, ‘ಈ ಮೇಜಿಗೆ ಹಸಿದವರ ರೂಪದಲ್ಲಿ ಕರ್ತನೇ ಊಟಕ್ಕೆ ಬರೋದು, ನಾವು ತಿನ್ನದ್ದನ್ನ ಅವನಿಗೆ ಬಡಿಸೋದು ಬೇಡ’ ಎಂದು, ಕೊಟ್ಟವರೇ ಮೊದಲು ಉಣ್ಣಬೇಕೆಂದು ಕಟ್ಟಳೆ ಮಾಡಿದ್ದರು. ತಮ್ಮ ಇಷ್ಟು ದಿನ ಹೆಂಚು, ಗಂಟೆ, ಫ್ಯಾನು ಎಂದು ಕೊಟ್ಟವನು. ಅವನ್ನು ತಿನ್ನು ಎಂದು ಯಾರೂ ಅನ್ನಲಿಲ್ಲ.

ಅಕ್ಕ ಡಬ್ಬ ಕೊರೆದಳು. ಬುಸ್ ಎಂದಿತು. ಬೆಂಚಿನವರು ಮೂಗು ಮುಚ್ಚಿಕೊಂಡರು. ಬೂದು ಬಣ್ಣದ ಬಟಾಣಿ ತಟ್ಟೆಗೆ ಬಿತ್ತು.

“ಪ್ರಾರ್ಥನೆ ಮಾಡಿ ಶುರು ಮಾಡಿ, ಯಜಮಾನ್ರೇ,” ಎಂದ ಮುಂದಿನ ಬೆಂಚಿನಲ್ಲಿ ಕೋಲೂರಿ ಕೂತಿದ್ದ ಕೋಲಜ್ಜ. “ಚಿಕ್ಕದಾಗಿ ಮಾಡಿ, ಹೊಟ್ಟೆ ಹಸೀತಿದೆ.”

“ಇವತ್ತು... ನಂದು ಉಪವಾಸ.”

“ಮೀಸೆಗೆ ಮೊಟ್ಟೆ ಅಂಟಿದೆಯಲ್ಲೋ, ಅದೂ ಉಪವಾಸದ್ದೇನಾ?” ಎಂದಳು ಅಕ್ಕ.

ಬೆಂಚುಗಳು ನಕ್ಕವು. ತಮ್ಮ ಮೀಸೆ ಒರೆಸಿಕೊಂಡು ಪಾದ್ರಿಗಳತ್ತ ತಿರುಗಿದ. ಫೋಟೋ ತೆಗೆಯಲೆಂದು ಅವನ ಫೋನು ಹಿಡಿದು ನಿಂತಿದ್ದ ಹೊಸ ಪಾದ್ರಿಗಳು ಮೊದಲು ತಲೆಯ ಮೇಲಿನ ಮಾಡು ನೋಡಿದರು, ಹೆಂಚು ಇವನದೇ. ಆಮೇಲೆ ತಟ್ಟೆ ನೋಡಿದರು. ವಾಸನೆ ಹೆಂಚನ್ನು ಗೆದ್ದಿತು.

“ಪದ್ಧತಿ ಪದ್ಧತಿನೇ, ಹಿರಿಯರೇ,” ಎಂದು ಮೆಲ್ಲಗೆ ಗೊಣಗಿದರು.

“ಅಕ್ಕಾ, ಇಷ್ಟು ಜನರ ಮುಂದೆ ಮರ್ಯಾದೆ ತೆಗೀಬೇಡ. ಇದನ್ನ ತಿಂದ್ರೆ ನಾನು ಸಾಯ್ತೀನಿ ಕಣೇ!”

“ಮತ್ತೆ ಇವರು? ಇವರಿಗೇನು ಕಬ್ಬಿಣದ ಕರುಳಾ?”

ಅವನು ತಟ್ಟೆಯನ್ನು ಒಂದೇ ಬೆರಳಿನಿಂದ ಆಚೆ ತಳ್ಳಿದ.

“ನಿನ್ನ ಐಶ್ವರ್ಯ ನೋಡಿ ನಂಗೆ ಹೊಟ್ಟೆಕಿಚ್ಚಿಲ್ಲ ಕಣೋ. ದೇವರು ಕೊಟ್ಟ, ಕೊಡಲಿ. ಆದ್ರೆ ಕೊಟ್ಟಿದ್ದು ಹಂಚೋಕೆ, ಕೊಳೆಸೋಕಲ್ಲ. ನೀನೇ ಮಾಲೀಕ ಅಂದ್ಕೊಂಡಿದ್ದೀಯ. ನೀನೂ ನನ್ನ ಹಾಗೇ ಬಡಿಸೋನು, ನಿನ್ನ ಕೈಲಿರೋ ಸೌಟು ಸ್ವಲ್ಪ ದೊಡ್ಡದು, ಅಷ್ಟೇ. ತಿಂತೀಯೋ, ಇಲ್ಲಾ ನೀನು ತಿನ್ನೋಂಥದ್ದು ಕೊಡ್ತೀಯೋ?”

ಅವನು ತಟ್ಟೆ ನೋಡಿದ, ಬೆಂಚುಗಳನ್ನು ನೋಡಿದ. ಯಾರೂ ಕಣ್ಣು ಕದಲಿಸಲಿಲ್ಲ. ಕೊನೆಗೆ ಹಲ್ಲು ಕೀಳಿಸಿಕೊಳ್ಳುವವನ ಮುಖ ಮಾಡಿ ಜೇಬಿಗೆ ಕೈಹಾಕಿ, ಗೋದಾಮಿನ ಬೀಗದ ಕೈ ತಟ್ಟೆಯ ಪಕ್ಕಕ್ಕಿಟ್ಟ. ಬೆರಳನ್ನು ಮಾತ್ರ ಅದರ ಮೇಲಿಂದ ತೆಗೆಯಲಿಲ್ಲ.

“ಹಿಂದಿನ ಗೋಡೆ ಹತ್ರ ಇರೋ ಮೂಟೆ ತಗೊಳ್ಳಿ. ಬಾಗಿಲ ಹತ್ರದ ಅಕ್ಕಿ ಮುಟ್ಬೇಡಿ, ಅದು ಹೊಸದು.”

“ಹಾಗಾದ್ರೆ ಅದನ್ನೇ ತರ್ತೀವಿ,” ಎಂದಳು ಅಕ್ಕ. ಅವನ ಬೆರಳನ್ನು ಸರಿಸಿ ಬೀಗದ ಕೈ ಎತ್ತಿ ಕೋಲಜ್ಜನ ಕೈಗೆ ಕೊಟ್ಟಳು.

ಅಜ್ಜನ ಹಿಂದೆ ಗಟ್ಟಿ ರಟ್ಟೆಯವರೆಲ್ಲ ಎದ್ದು ಹೊರಟರು. ಅವಳು ಒಲೆಯ ಬಳಿಗೆ ಹೋಗಿ, ಹಂಡೆಗೆ ಇನ್ನೊಂದು ಕೊಡ ನೀರು ಸುರಿದಳು.